ಮಲಗುವ ಕೋಣೆಯ ಹಲಗೆಗೋಡೆ

ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯ ಕಾಲೊನಿ ದವಾಖಾನೆಯಲ್ಲಿ ನಾನು ಮಕ್ಕಳ ವೈದ್ಯೆಯಾಗಿದ್ದೆ. ಗುತ್ತಿಗೆಯ ನೌಕರಿ, ವರ್ಷಕ್ಕೊಮ್ಮೆ ನವೀಕರಣ. ಅದು ಅಲ್ಲಿ ನನ್ನ ಆರನೆಯ ವರ್ಷ.

ಆ ಮಳೆಗಾಲದಲ್ಲಿ ಕಾಲೊನಿಯಲ್ಲೇ ಇದ್ದ ಬೆಳಗಾವಿ ಕಡೆಯ ರೇಣುಕಾ ತನ್ನ ಐದು ವರ್ಷದ ಮಗಳು ಶ್ರಾವಣಿಯನ್ನು ಮೂರನೆಯ ಸಲ ಎತ್ತಿಕೊಂಡು ಬಂದಳು. ಮಗುವಿನ ಎದೆ ಸುಂಯ್‌ಗುಡುತ್ತಿತ್ತು. ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಹಚ್ಚಿದ ಮೇಲೆ ಉಸಿರು ಹದಕ್ಕೆ ಬಂತು.

"ಪುಣೆದಾಗ, ಬಿಬವೇವಾಡಿಯೊಳಗ ನಮ್ಮಕ್ಕನ ಮನ್ಯಾಗ ಹದಿನೈದು ದಿನ ಇದ್ಲರಿ, ಒಮ್ಮೆನೂ ಕೆಮ್ಮಲಿಲ್ಲ. ಮನಿಗೆ ಬಂದ ಎರಡನೇ ದಿನಕ್ಕ ಹಿಂಗಾತ್ರಿ," ಎಂದಳು ರೇಣುಕಾ.

ಆ ಮಾತು ಕೇಳಿ ಅವರ ಮನೆ ನೋಡಲು ಹೋದೆ. ಇದ್ದೊಂದು ಕೋಣೆಯನ್ನು ಕಂಪನಿಯವರು ಹೊಸದಾಗಿ ಪಾರ್ಟಿಕಲ್ ಬೋರ್ಡ್ ನಿಲ್ಲಿಸಿ ಎರಡು ಮಾಡಿದ್ದರು. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ ಅದು. ಅಗ್ಗದ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಒಳಗೆ ಕಾಲಿಟ್ಟೊಡನೆ ನನ್ನ ಕಣ್ಣು ಉರಿಯಿತು. ಬಚ್ಚಲಿನ ನೀರು ಇಂಗಿ ಹಲಗೆಯ ಬುಡ ಉಬ್ಬಿತ್ತು, ಕಪ್ಪು ಬೂಷ್ಟು ಹಬ್ಬಿತ್ತು. ಮಗುವಿನ ಹಾಸಿಗೆ ಅದಕ್ಕೆ ತಾಗಿಕೊಂಡೇ ಇತ್ತು.

ಮಗುವಿನ ವೈದ್ಯಕೀಯ ಸರ್ಟಿಫಿಕೇಟಿನಲ್ಲಿ ಅಸ್ತಮಾ ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಈ ಹಲಗೆ ಮತ್ತು ಬೂಷ್ಟು ತೆಗೆಯುವವರೆಗೆ ಮಗು ಇಲ್ಲಿ ಮಲಗಕೂಡದು.

ಅದರ ಪ್ರತಿ ಕಾಲೊನಿ ಆಫೀಸಿಗೂ ಹೋಯಿತು. ಮರುದಿನ ಅಲ್ಲಿಯ ಮೇಲ್ವಿಚಾರಕರು ಕರೆಸಿದರು. ಮರಾಠಿಯಲ್ಲಿ ಮೆಲ್ಲಗೇ ಹೇಳಿದರು: "ಮ್ಯಾಡಮ್, ರೋಗ ನಿಮ್ಮದು, ಗೋಡೆ ನಮ್ಮದು. ಆ ಸಾಲು ಹೊಡೆದುಹಾಕಿ. ನಿಮ್ಮ ನವೀಕರಣದ ಕಾಗದವೂ ಇದೇ ಮೇಜಿಗೆ ಬರುತ್ತದೆ."

"ಬರಲಿ. ಆ ಸಾಲು ಹೋದರೆ ನನ್ನ ಸಹಿಯೂ ಇರುವುದಿಲ್ಲ," ಎಂದೆ.

ವಿಷಯ ತಿಳಿದ ರೇಣುಕಾ, "ಆಫೀಸಿಗೆ ನಾ ಒಬ್ಬಾಕಿನ ಯಾಕ ಹೋಗಬೇಕ್ರಿ?" ಎಂದಳು. ಸೋಮವಾರ ಅದೇ ಹಲಗೆಗಳಿದ್ದ ಮನೆಗಳ ಇನ್ನೂ ಹನ್ನೊಂದು ತಾಯಂದಿರು ಮಕ್ಕಳೊಂದಿಗೆ ದವಾಖಾನೆಗೆ ಬಂದರು. ಎಲ್ಲರನ್ನೂ ಪರೀಕ್ಷಿಸಿದೆ, ಮನೆಗಳನ್ನೂ ನೋಡಿದೆ. ಉಬ್ಬಸವಿದ್ದ ನಾಲ್ಕು ಮಕ್ಕಳಿಗೆ ಮಾತ್ರ ಆ ಸಾಲು ಬರೆದೆ. ಉಳಿದವರು ಮುನಿಸಿಕೊಂಡರು. ಆದರೆ ಒಂದು ಸುಳ್ಳು ಸೇರಿದ್ದರೂ ಶ್ರಾವಣಿಯದೂ ಸೇರಿ ಐದೂ ಕಾಗದಗಳು ಬೆಲೆ ಕಳೆದುಕೊಳ್ಳುತ್ತಿದ್ದವು.

ಮುನಿಸಿಕೊಂಡವರೂ ಸೇರಿ ಹನ್ನೆರಡು ಹೆಂಗಸರು ಆ ಐದು ಕಾಗದ ಹಿಡಿದು ಆಫೀಸಿನ ಬಾಗಿಲಲ್ಲಿ ಕುಳಿತರು. ಸ್ವೀಕೃತಿಯ ಮೊಹರು ಬೀಳುವವರೆಗೆ ಏಳಲಿಲ್ಲ. ದೀಪಾವಳಿಯೊಳಗೆ ಹನ್ನೆರಡೂ ಮನೆಗಳ ಸೋರಿಕೆ ನಿಂತು, ಹಲಗೆ ಹೋಗಿ ಇಟ್ಟಿಗೆ ಬಂತು. ಶ್ರಾವಣಿಯ ಅಸ್ತಮಾ ಪೂರ್ತಿ ಹೋಗಲಿಲ್ಲ. ಆದರೂ ಆ ಚಳಿಗಾಲ ಅವಳಿಗೆ ನೆಬ್ಯುಲೈಸರ್ ಬೇಕಾಗಲಿಲ್ಲ.

ನನ್ನ ಗುತ್ತಿಗೆ ನವೀಕರಣವಾಗಲಿಲ್ಲ. ವಿಷಾದವಿಲ್ಲ. ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಅದು ಮಲಗುವ ಜಾಗವನ್ನೂ ಕೇಳಬೇಕು. ಕೇಳಿ ತಿಳಿದದ್ದನ್ನು ಬರೆಯಬೇಕು. ಯಾರ ಗೋಡೆಯೆಂದು ನೋಡಿ ಬರೆಯುವುದಾದರೆ ಅದು ವೈದ್ಯಕೀಯವಲ್ಲ, ಗುಮಾಸ್ತಿಕೆ.