ಮೈಕಿನ ಮಾವನೂ ನಮ್ಮ ಸೋಡಾ ತೊಟ್ಟಿಯೂ

ಮೈಕಿನ ಬಾಯಿಗೆ ಅವರು ಕಟ್ಟುತ್ತಿದ್ದ ಕರವಸ್ತ್ರ ಯಾವುದೋ ಕಾಲದಲ್ಲಿ ಬಿಳಿಯದಾಗಿದ್ದಿರಬೇಕು. ಎಲೆಯಡಿಕೆ ಹಾಕಿದ ಬಾಯಿಯಲ್ಲೇ ಕೂಗಿ ಕೂಗಿ ಅದು ಅವರ ತುಟಿಯಷ್ಟೇ ಕೆಂಪಾಗಿತ್ತು. ನೆತ್ತಿಗೆ ಎರಡು ಸ್ಪೀಕರ್ ಕಟ್ಟಿದ ಹಳೆಯ ಜೀಪಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತುತ್ತಿದ್ದರು. ಟೆಂಟ್ ಸಿನಿಮಾ, ಜವಳಿ ಅಂಗಡಿಯ ರಿಯಾಯಿತಿ, ಕಳೆದುಹೋದ ಎಮ್ಮೆ, ಎಲ್ಲವೂ ಊರಿಗೆ ತಿಳಿಯುತ್ತಿದ್ದುದು ಅವರ ಬಾಯಿಂದಲೇ. ಎಪ್ಪತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಹೊಸನಗರದ ಮಕ್ಕಳಿಗೆಲ್ಲ ಅವರು ಮೈಕಿನ ಮಾವ.

ಅವರದ್ದೊಂದು ಹಟವಿತ್ತು. ನೋಡದ ಸಿನಿಮಾವನ್ನು, ರುಚಿ ನೋಡದ ಹೋಟೆಲನ್ನು ಕೂಗುತ್ತಿರಲಿಲ್ಲ. ಒಮ್ಮೆ ಟೆಂಟಿನ ಸಾಹುಕಾರರ ಎದುರಿಗೇ, "ಮಧ್ಯದಲ್ಲಿ ಸ್ವಲ್ಪ ನಿದ್ದೆ ಬರಬಹುದು, ಹಾಡಿಗೆ ತಪ್ಪದೆ ಎದ್ದೇಳಿ" ಎಂದು ಸಾರಿಬಿಟ್ಟರು. ಸಾಹುಕಾರರು ಕೆಂಡವಾದರು. ಜನ ಮಾತ್ರ ಆ ನಿದ್ದೆ ಎಲ್ಲಿ ಬರುತ್ತದೆಂದು ನೋಡುವುದಕ್ಕೇ ಹೋದರು. ಕೇಳಿದರೆ, "ಮೈಕಿಗೆ ಬಾಯಿ ಮಾತ್ರ ಇರೋದು ಕಣ್ರಿ, ಮುಖ ನಂದು. ನಾಳೆ ಇದೇ ಪೇಟೇಲಿ ತಿರುಗ್ಬೇಕಲ್ಲ" ಎನ್ನುತ್ತಿದ್ದರು.

ನಿಟ್ಟೂರಿಗೆ ಹೋದರೆ ಮೈಕನ್ನು ಮುಟ್ಟುತ್ತಲೇ ಇರಲಿಲ್ಲ. ಅಲ್ಲಿ ಮನೆಗಳು ದೂರ ದೂರ, ಕೂಗಿದ್ದೆಲ್ಲ ಕಾಡಿಗೆ ಹೋಗುತ್ತದೆ. ಟೀ ಅಂಗಡಿಯಲ್ಲಿ ಒಬ್ಬನಿಗೆ ವಿಷಯ ಹೇಳಿ, ಟೀ ಕುಡಿದು ಏಳುವರು. "ಆಯ್ತು, ನಿಟ್ಟೂರಿಗೆ ಗೊತ್ತಾಯ್ತು!"

ಒಂದು ಬೇಸಿಗೆಯಲ್ಲಿ ಹಾಗೆ ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿ ನಮ್ಮ ಮನೆಗೇ ಬಡಿಯಿತು. ಅಪ್ಪ ಬಸ್ ನಿಲ್ದಾಣದ ಹಿಂದೆ ಗೋಲಿಸೋಡಾ ಮಾಡುತ್ತಿದ್ದರು. ಮದುವೆಯೊಂದರಲ್ಲಿ ಉಂಡವರಿಗೆ ವಾಂತಿಭೇದಿ ಹಿಡಿಯಿತು. ಎಲೆಯ ಮೇಲೆ ಹತ್ತಾರು ಬಗೆ ಬಡಿಸಿದ್ದರೂ ಊರಿನ ಬಾಯಿಗೆ ಸಿಕ್ಕಿದ್ದು ನಮ್ಮ ಸೋಡಾ. ಉಳಿದ ಮದುವೆಗಳ ಆರ್ಡರೆಲ್ಲ ನಿಂತವು. ಸೋಡಾ ಮಿಷನ್ ಮಾರಿ ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ಕೂಲಿಗೆ ನಿಲ್ಲುವ ಮಾತು ಅಪ್ಪನ ಬಾಯಲ್ಲಿ ಬಂದಾಗ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಪ್ಪ ಮೈಕಿನ ಮಾವನನ್ನು ಕರೆಸಿದರು. "ನಮ್ ಸೋಡಾದಲ್ಲಿ ಎಂತದೂ ದೋಷ ಇಲ್ಲ ಅಂತ ಒಂದ್ಸಲ ಊರ ತುಂಬ ಕೂಗಿಬಿಡಿ ಮಾರಾಯ್ರೆ."

"ಕೂಗಿದ್ರೆ ಇಷ್ಟ್ ದಿನ ಕೇಳ್ದೇ ಇದ್ದೋರಿಗೂ ಕೇಳ್ತದೆ. ಮೊದ್ಲು ನಂಗೆ ತೋರ್ಸಿ" ಎಂದು ಎದ್ದರು.

ಬಾವಿಯ ನೀರು ಕುಡಿದು ನೋಡಿದರು. ಮಿಷನ್ ನೋಡಿದರು. ಬಾಟಲಿ ತೊಳೆಯುವ ಸಿಮೆಂಟ್ ತೊಟ್ಟಿಯ ಬಳಿ ಮಾತ್ರ ನಿಂತೇಬಿಟ್ಟರು. ಬೇಸಿಗೆಯಲ್ಲಿ ಬಾವಿಯಿದ್ದವರು ಕೇರಿಗೆಲ್ಲ ನೀರು ಬಿಡುವುದು ನಮ್ಮ ಕಡೆಯ ಪದ್ಧತಿ. ಕೊಡ ಹಿಡಿದು ಬಂದವರಿಗೆ ಇಲ್ಲವೆನ್ನಲಾರದೆ ಅಪ್ಪ ಬಾಟಲಿ ತೊಳೆಯುವುದರಲ್ಲಿ ನೀರು ಉಳಿಸುತ್ತಿದ್ದರು. ಬೆಳಗ್ಗೆ ತುಂಬಿದ ತೊಟ್ಟಿಯಲ್ಲೇ ಸಂಜೆಯವರೆಗೂ ಎಲ್ಲ ಬಾಟಲಿಗಳೂ ಮುಳುಗೇಳುತ್ತಿದ್ದವು.

"ಇದನ್ನ ಒಡೀರಿ, ಬಾಟ್ಲಿಗೊಂದ್ಸಲ ಹೊಸ ನೀರು ಹಾಕಿ ತೊಳೀರಿ. ಆಮೇಲೆ ನನ್ ಬಾಯಿ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮರುದಿನ ಹಾರೆ ಹಿಡಿದು ತಾವೇ ಒಡೆದರು.

ಆಮೇಲೆ ಜೀಪು ಪೇಟೆಗೆ ಬಂತು. "ಮಹಾಜನರೇ, ಬಸ್ ನಿಲ್ದಾಣದ ಹಿಂದಿನ ಸೋಡಾದವರ ಬಾಟಲಿ ತೊಳೆಯುವ ತೊಟ್ಟಿ ಸರಿಯಿರಲಿಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ. ಈಗ ಒಡೆದುಹಾಕಿದ್ದಾರೆ. ಸೋಡಾ ಹೇಗೆ ಮಾಡುತ್ತಾರೆಂದು ನೀವೇ ಬಂದು ನೋಡಿ. ಕುಡಿಯಲೇಬೇಕೆಂದಿಲ್ಲ!"

"ಮರ್ಯಾದೆ ಮೂರುಕಾಸಿಗೆ ಹರಾಜಾಯ್ತು" ಎಂದು ಅಪ್ಪ ಒಳಗೆ ಹೋಗಿ ಗೋಡೆಗೆ ಮುಖ ಹಾಕಿ ಮಲಗಿದರು. ತಪ್ಪನ್ನು ಸ್ಪೀಕರಿನಲ್ಲಿ ಕೂಗುವುದುಂಟೇ? ಹೈಸ್ಕೂಲಿನಲ್ಲಿದ್ದ ನಾನೂ ಆ ದಿನ ಮನೆಯಿಂದ ಹೊರಬೀಳಲಿಲ್ಲ.

ಮರುದಿನ ಜನ ಬಂದರು. ಮೊದಲು ನಮ್ಮ ಕೇರಿಯ ಹೆಂಗಸರು. ಒಡೆದ ತೊಟ್ಟಿ ನೋಡಿದರು. ಆಮೇಲೆ ಒಬ್ಬೊಬ್ಬರೂ ಒಂದು ಕೊಡ ಸೇದಿ ಬಾಟಲಿ ತೊಳೆಯಲೆಂದು ಕೊಟ್ಟು, ಅನಂತರವೇ ತಮ್ಮ ಕೊಡ ತುಂಬಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಬಂದವರು ಆ ಮದುವೆಯ ಹುಡುಗಿಯ ತಂದೆ.

"ತಪ್ಪು ಸೋಡಾದ್ದೋ ಪಾಯಸದ್ದೋ ನಂಗೊತ್ತಿಲ್ಲ" ಎಂದರು ಅವರು. "ಯಾರೂ ಕೇಳ್ದೇ ಇದ್ರೂ ತೊಟ್ಟಿ ವಿಷ್ಯ ನೀವೇ ಹೇಳ್ಸಿದ್ರಲ್ಲ. ಒಂದು ಶುಂಠಿ ಸೋಡಾ ಕೊಡಿ."

ಅಪ್ಪ ತಾವೇ ಗೋಲಿ ಒತ್ತಿ ಕೊಟ್ಟರು. ಆ ಮನುಷ್ಯ ಬಾಟಲಿ ಖಾಲಿ ಮಾಡುವುದನ್ನು ಮೈಕಿನ ಮಾವ ಬೀದಿಯಲ್ಲಿ ನಿಲ್ಲಿಸಿದ್ದ ಜೀಪಿನಲ್ಲಿ ಕೂತೇ ನೋಡಿದರು. ಅಪ್ಪ ಓಡಿಹೋಗಿ, "ಇದನ್ನೊಂದು ಕೂಗಿಬಿಡಿ ಮಾರಾಯ್ರೆ!" ಎಂದರೆ ಅವರು ಕರವಸ್ತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಇನ್ನು ನಂಗೆ ಕೆಲ್ಸ ಇಲ್ಲ. ಅವ್ರೇ ಹೇಳ್ಕೊಂಡ್ ಹೋಗ್ತಾರೆ."

ಮಿಷನ್ ಮಾರಲಿಲ್ಲ. ಅದೇ ಸೋಡಾದ ದುಡ್ಡಿನಲ್ಲಿ ನಾನು ಸಾಗರಕ್ಕೆ ಹೋಗಿ ಕಾಲೇಜು ಓದಿದೆ. ನಾನಿನ್ನೂ ಓದುತ್ತಿದ್ದಾಗಲೇ ಮೈಕಿನ ಮಾವ ತೀರಿಕೊಂಡರು. ಸಾವನ್ನು ಊರಿಗೆ ಸಾರಲು ಬೇರೆ ಜೀಪಿರಲಿಲ್ಲ. ಯಾರೋ ಟೀ ಅಂಗಡಿಯಲ್ಲಿ ಒಬ್ಬರಿಗೆ ಹೇಳಿದರಂತೆ. ಸಂಜೆಯೊಳಗೆ ನಿಟ್ಟೂರಿನವರೂ ಬಂದು ಅಂಗಳದಲ್ಲಿ ನಿಂತಿದ್ದರು.

ನಾನೀಗ ತಿಂಡಿ ಕಂಪನಿಗಳ ಪ್ರಚಾರ ನೋಡಿಕೊಳ್ಳುವವಳು. ಮೊನ್ನೆ ಒಂದು ಕಂಪನಿಯ ಚಕ್ಕುಲಿಯಲ್ಲಿ ಹುಳ ಬಂದ ವಿಡಿಯೊ ಊರವರೆಲ್ಲರ ಮೊಬೈಲಿನಲ್ಲಿ ಹರಿದಾಡಿತು. "ಆರೋಪ ನಿರಾಧಾರ ಅಂತ ಫೇಸ್‌ಬುಕ್ಕಿಗೆ ಹಾಕ್ಲಾ ಮೇಡಂ?" ಎಂದು ನಮ್ಮ ಆಫೀಸಿನ ಹುಡುಗಿ ಕೇಳಿದಳು. ನಾನಾಗಲೇ ಚಪ್ಪಲಿ ಮೆಟ್ಟುತ್ತಿದ್ದೆ.

"ಏಳು, ಮೊದ್ಲು ತೊಟ್ಟಿ ನೋಡ್ಕೊಂಡ್ ಬರೋಣ."

"ಯಾವ ತೊಟ್ಟಿ ಮೇಡಂ?"

ದಾರಿಯಲ್ಲಿ ಹೇಳುತ್ತೇನೆಂದು ಅವಳನ್ನು ಕರೆದುಕೊಂಡು ಚಕ್ಕುಲಿ ಫ್ಯಾಕ್ಟರಿಗೆ ಹೊರಟೆ.