ಒಲೆಯಿಲ್ಲದ ಕೋಣೆ

ವಿಮಾನ ತಪ್ಪಬಹುದಿತ್ತು. ಅಟ್ಲಾಂಟಾದಿಂದ ನಾವಿಬ್ಬರು, ಬೆಂಗಳೂರಿನಿಂದ ನಮ್ಮ ಅತ್ತೆ ಬ್ಯಾಂಕಾಕಿಗೆ ಬಂದಿಳಿದು, ಬೇರೆ ಬೇರೆ ಬಾಗಿಲುಗಳಲ್ಲಿ ಒಬ್ಬರಿಗಾಗಿ ಒಬ್ಬರು ಕಾಯುತ್ತ ಕೂರಬಹುದಿತ್ತು. ಕಸ್ಟಮ್ಸಿನವರು ಅತ್ತೆಯ ಅವಲಕ್ಕಿ ಡಬ್ಬ ತೆರೆಸಿ ಮೂಸಿ ನೋಡಬಹುದಿತ್ತು. ಟ್ಯಾಕ್ಸಿಯವನು ನಮ್ಮನ್ನು ಬೇರೆ ಯಾವುದೋ ಕಡಲತೀರದ ಊರಿಗೆ ಕರೆದೊಯ್ಯಬಹುದಿತ್ತು. ಅಲ್ಲಿಯೂ ಸಮುದ್ರವೇ ಇರುವುದರಿಂದ ನಮಗದು ತಿಳಿಯದೇ ಹೋಗಬಹುದಿತ್ತು. ನಾನು ಆರಿಸಿದ ಕೋಣೆ ಫೋಟೋದಲ್ಲಿ ಮಾತ್ರ ಇರಬಹುದಿತ್ತು. ಬಚ್ಚಲಿನ ನೆಲ ಜಾರಬಹುದಿತ್ತು. ತೆಂಗಿನಕಾಯಿ ತಲೆಯ ಮೇಲೆ ಬೀಳಬಹುದಿತ್ತು. ಗುಡ್ಡದ ಮಂಗಗಳು ಅತ್ತೆಯ ಕನ್ನಡಕ ಕಿತ್ತುಕೊಳ್ಳಬಹುದಿತ್ತು. ಜೆಲ್ಲಿ ಮೀನು ಕುಟುಕಬಹುದಿತ್ತು. ತರಕಾರಿಯೆಂದು ತಿಂದದ್ದರೊಳಗೆ ಮೀನಿನ ರಸ ಸೇರಿರಬಹುದಿತ್ತು. ನಾವು ಹೋಗಲಿದ್ದ ಕೊಲ್ಲಿಯ ಕಡೆಗೆ ಸುನಾಮಿ ಬರುವುದು ಅಪರೂಪ ಎಂದು ಓದಿದ್ದೆ. ಅಪರೂಪ ಎಂಬ ಒಂದು ಪದ ಸಾಕು, ನನ್ನ ನಿದ್ದೆ ಕೆಡಿಸಲು.

ಇಷ್ಟರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೆ. ಅದನ್ನು ಹೇಳಬೇಕಾದರೆ ಆ ಕೋಣೆಯನ್ನು ಆರಿಸಿದ ಕಥೆಯನ್ನೇ ಹೇಳಬೇಕು.

ಆ ವರ್ಷ ಅತ್ತೆಗೆ ಅಮೆರಿಕದ ವೀಸಾ ಸಂದರ್ಶನಕ್ಕೆ ಹತ್ತಿರದಲ್ಲೆಲ್ಲೂ ದಿನ ಸಿಗಲಿಲ್ಲ. ನನ್ನ ಹೆಂಡತಿಗೆ ಆಫೀಸಿನಲ್ಲಿ ಸಿಕ್ಕ ರಜೆಯೋ ಮೈಸೂರಿಗೆ ಹೋಗಿ ನೆಂಟರ ಮನೆಗಳನ್ನೆಲ್ಲ ಸುತ್ತಿ ಬರಲು ಸಾಲದು. ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಅತ್ತೆಯೇ ಹೇಳಿದರು: "ನಾನು ಅಲ್ಲಿಗೆ ಬರೋ ಹಾಗಿಲ್ಲ, ನೀನು ಇಲ್ಲಿಗೆ ಬರೋ ಹಾಗಿಲ್ಲ. ನಡುವೆ ಎಲ್ಲಾದ್ರೂ ಸಿಕ್ಕೋಣ ಕಣೇ. ಸಮುದ್ರ ಇರೋ ಕಡೆ." ಪಕ್ಕದ ಮನೆಯವರು ಥೈಲ್ಯಾಂಡಿಗೆ ಹೋಗಿ ಬಂದು ಅವರಿಗೆ ಫೋಟೋಗಳನ್ನೆಲ್ಲ ತೋರಿಸಿದ್ದರಂತೆ. ಬ್ಯಾಂಕಾಕಿನಿಂದ ಕೆಲವೇ ಗಂಟೆಗಳ ದಾರಿ, ಗದ್ದಲ ಕಡಿಮೆ, ವಯಸ್ಸಾದವರಿಗೆ ಅನುಕೂಲ ಎಂದು ಓದಿ ಹುವಾ ಹಿನ್ ಎಂಬ ಊರನ್ನು ಗೊತ್ತುಮಾಡಿದೆವು. ಎಲ್ಲಿ ಉಳಿಯುವುದು ಎಂಬುದನ್ನು ನೋಡುವ ಕೆಲಸ ನನಗೆ ಬಿತ್ತು. ಚಿಂತಿಸುವ ಕೆಲಸಗಳೆಲ್ಲ ನಮ್ಮ ಮನೆಯಲ್ಲಿ ನನಗೇ ಬೀಳುತ್ತವೆ.

"ಒಂದೇ ಕಂಡೀಷನ್ನು," ಎಂದಳು ಹೆಂಡತಿ. "ರೂಮಿನಲ್ಲಿ ಸ್ಟೋವ್ ಇರಬಾರದು."

ನಾನು ನಕ್ಕೆ. ಅವಳು ನಗಲಿಲ್ಲ.

ನಮ್ಮ ಕಡೆಯವರು ಇಲ್ಲಿ ಅಮೆರಿಕದಲ್ಲಿ ರಜೆಗೆ ಹೊರಡುವ ಪದ್ಧತಿಯನ್ನು ತಿಳಿದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ಅಟ್ಲಾಂಟಾ ಹತ್ತಿರದ ಸುವಾನಿಯ ನಮ್ಮ ಮನೆಯಿಂದ ಕರೋಲಿನಾದ ಕಡಲಿಗೆ ನಾವು ಹೋದಾಗಲೆಲ್ಲ ಕಾರಿನ ಡಿಕ್ಕಿಯಲ್ಲಿ ಮೊದಲು ಕೂರುತ್ತಿದ್ದುದು ರೈಸ್ ಕುಕ್ಕರು. ಆಮೇಲೆ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಸೌಟು. ಎಲ್ಲಕ್ಕಿಂತ ಕೊನೆಗೆ ಈಜುಡುಗೆ. ಹೋಟೆಲು ಹುಡುಕುವಾಗ ಕಿಚನೆಟ್ ಎಂಬ ಚೌಕಕ್ಕೆ ಟಿಕ್ ಹಾಕಿದ ಮೇಲೆಯೇ ನಾನು ಸಮುದ್ರ ಎಷ್ಟು ದೂರ ಎಂದು ನೋಡುತ್ತಿದ್ದುದು. ಇಂಗು ಸಾಸಿವೆ ಚಟಪಟ ಎಂದೊಡನೆ ಹೊಗೆಯ ಅಲಾರಾಂ ಕೂಗಿಕೊಳ್ಳುವುದು, ನಾನು ಮಂಚದ ಮೇಲೆ ನಿಂತು ಟವೆಲಿನಿಂದ ಅದಕ್ಕೆ ಗಾಳಿ ಹಾಕುವುದು ನಮ್ಮ ರಜೆಯ ನಿತ್ಯವಿಧಿ. ಮಗಳು ಮರಳಿನ ಮನೆ ಕಟ್ಟಿ ಬರುವಷ್ಟರಲ್ಲಿ ಬಿಸಿ ಅನ್ನ, ಸಾರು ತಯಾರು. ಅಡುಗೆ ಮಾಡಿದವಳು ಸಮುದ್ರಕ್ಕೆ ಎಷ್ಟು ಹೊತ್ತು ಹೋಗಿದ್ದಳು ಎಂದು ಯಾರೂ ಕೇಳಿದವರಲ್ಲ.

"ಅಡುಗೆಗೆ ಬೇಜಾರು ಅಂತಲ್ಲ," ಎಂದಳು. "ಅಮ್ಮ ಇಲ್ಲಿಗೆ ಬಂದ್ರೂ ಅಡುಗೆಮನೆ, ನಾನು ಅಲ್ಲಿಗೆ ಹೋದ್ರೂ ಅಡುಗೆಮನೆ. ಅವಳು ಒಲೆ ಮುಂದೆ ನಿಂತಿದ್ರೆ ನಾನು ಅವಳ ಬೆನ್ನಿಗೆ ಮಾತಾಡ್ತೀನಿ. ನಾನು ನಿಂತಿದ್ರೆ ಅವಳು ನನ್ನ ಬೆನ್ನಿಗೆ. ಎದುರಾಬದುರಾ ಕೂತು ಮಾತಾಡಿದ್ದು ಯಾವಾಗ ಅಂತ ನೆನಪೇ ಇಲ್ಲ ಕಣ್ರೀ. ಅವಳಿಗೂ ವಯಸ್ಸಾಯ್ತು."

ಒಪ್ಪಿದೆ. ಆದರೆ ಅತ್ತೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವವರಲ್ಲ. ಮೊಟ್ಟೆ ಬೆಂದ ಪಾತ್ರೆಯಲ್ಲಿ ಕಾಯಿಸಿದ ನೀರನ್ನೂ ಕುಡಿಯುವವರಲ್ಲ. ಹೋಟೆಲಿನಲ್ಲಿ ಉಂಡದ್ದು ಎಂದರೆ ಮೈಸೂರಿನಲ್ಲಿ ಮಾಲೀಕರ ಮುಖಪರಿಚಯವಿರುವ ಒಂದೆರಡು ಕಡೆ. ಅಂಥವರನ್ನು ಮೀನಿನ ರಸವನ್ನು ಉಪ್ಪಿನ ಹಾಗೆ ಬಳಸುವ ದೇಶಕ್ಕೆ ಒಲೆಯಿಲ್ಲದೆ ಕರೆದೊಯ್ಯುವುದು ಹೇಗೆ?

ನಮ್ಮ ಪಕ್ಕದ ಊರು ಆಲ್ಫರೆಟಾದಲ್ಲಿರುವ ಧಾರವಾಡದ ಗೆಳೆಯರೊಬ್ಬರನ್ನು ಕೇಳಿದೆ. ಥೈಲ್ಯಾಂಡ್ ಸುತ್ತಿ ಬಂದವರು. ಅವರ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಚಹಾ ಕುಡಿಯುತ್ತಿದ್ದೆವು.

"ಅಲ್ರೀ, ಅತ್ತಿಯವರು ಬರ್ಲಿಕ್ಕತ್ತಾರ ಅಂತೀರಿ, ಒಲಿ ಇಲ್ದ ರೂಮ್ ಯಾಕ ತಗೋತೀರಿ?" ಎಂದರು. "ದಕ್ಷಿಣದ ಕಡೆ ಛಲೋ ಕಾಂಡೋ ಅದಾವ. ಒಲಿ ಅದ, ಫ್ರಿಜ್ ಅದ, ವಾಷಿಂಗ್ ಮಷೀನ್ ಅದ. ಮನೀಯಾಗ ಇದ್ದಂಗನ ಇರ್ತದ."

"ಮನೇಲಿ ಇದ್ದ ಹಾಗೆ ಇರಬಾರದು ಅಂತಾನೇ ಇವಳ ಆಸೆ."

"ಹಂಗಾದ್ರ ನೀವು ಅಡಗಿ ಮಾಡ್ರಿ," ಎಂದರು. ಒಂದು ಗುಟುಕು ಚಹಾ ಕುಡಿದು, "ಬ್ಯಾಡ ಬಿಡ್ರಿ, ಪಾಪ ಅತ್ತಿಯವರು ಏನ್ ಮಾಡ್ಯಾರ ನಿಮಗ," ಎಂದು ತಾವೇ ಸೇರಿಸಿದರು.

ಹುಡುಕಾಟ ಶುರುವಾಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೆಲಸದ ಕಂಪ್ಯೂಟರನ್ನು ಪಕ್ಕಕ್ಕಿಟ್ಟು ಮನೆಯ ಕಂಪ್ಯೂಟರಿನಲ್ಲಿ ಹುವಾ ಹಿನ್ನಿನ ಬೀದಿಗಳಿಗೆ ಇಳಿಯುತ್ತಿದ್ದೆ. ರಸ್ತೆಯ ಚಿತ್ರಗಳನ್ನು ಒಂದೊಂದೇ ಹೆಜ್ಜೆ ಸರಿಸಿ ನೋಡುವ ಆ ನಕಾಶೆಯೊಂದಿದೆಯಲ್ಲ, ಅದರೊಳಗೆ. ಮೊದಲು ಭಯದಿಂದ ಹೋದೆ: ಕಾಲುದಾರಿ ಇದೆಯೇ, ಮೆಟ್ಟಿಲು ಎತ್ತರವೇ, ಆಸ್ಪತ್ರೆ ಎಲ್ಲಿ. ಆಮೇಲಾಮೇಲೆ ಯಾಕೆ ಹೋಗುತ್ತಿದ್ದೇನೆಂದು ನನಗೇ ಮರೆತುಹೋಯಿತು. ಕೆಂಪು ಮತ್ತು ಕೆನೆ ಬಣ್ಣದ ಆ ಪುಟ್ಟ ರೈಲು ನಿಲ್ದಾಣ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆಗಳು. ಒಂದು ಇಸ್ತ್ರಿ ಅಂಗಡಿಯ ಮುಂದೆ ಮಲಗಿದ್ದ ಕಂದು ನಾಯಿ. ಹಳೆಯ ವರ್ಷದ ಚಿತ್ರಕ್ಕೆ ಹೋದರೂ ಅದೇ ನಾಯಿ ಅದೇ ಜಾಗದಲ್ಲಿ, ಸ್ವಲ್ಪ ಸಣ್ಣದಾಗಿ. ನಮ್ಮ ಬಡಾವಣೆಯಲ್ಲಿ ಎಡಗಡೆಯ ಮನೆಯವರ ಮುಖ ನನಗೆ ಸರಿಯಾಗಿ ಗೊತ್ತಿಲ್ಲ. ಹುವಾ ಹಿನ್ನಿನ ಇಸ್ತ್ರಿ ಅಂಗಡಿಯ ನಾಯಿ ಗೊತ್ತಿತ್ತು.

ಒಂದೇ ಹೋಟೆಲಿನ ಬಗ್ಗೆ ಒಬ್ಬರು "ಅಗಲವಾದ ಮರಳ ತೀರ" ಎಂದು, ಇನ್ನೊಬ್ಬರು "ತೀರವೇ ಇಲ್ಲ, ಗೋಡೆಗೆ ನೀರು ಬಡಿಯುತ್ತದೆ" ಎಂದು ಬರೆದಿದ್ದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಇಬ್ಬರೂ ನಿಜ ಹೇಳುತ್ತಿದ್ದರು. ಒಬ್ಬರು ಇಳಿತದ ಹೊತ್ತಿಗೆ ನೋಡಿದ್ದರು, ಇನ್ನೊಬ್ಬರು ಉಬ್ಬರದ ಹೊತ್ತಿಗೆ. ಇದನ್ನು ಕಂಡುಹಿಡಿದ ಸಂತೋಷದಲ್ಲಿ ಹೆಂಡತಿಗೆ ಉಬ್ಬರವಿಳಿತ ವಿವರಿಸಲು ಹೋದೆ. "ಇಪ್ಪತ್ತು ವರ್ಷದಿಂದ ಕರೋಲಿನಾಗೆ ಹೋಗ್ತಿದ್ದೀವಿ, ಈಗ ಗೊತ್ತಾಯ್ತಾ?" ಎಂದಳು. ಷಾರ್ಲಟ್ಟಿನಲ್ಲಿ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳದು ಇನ್ನೊಂದು ಬಗೆ: "ಅಪ್ಪಾ, ಇಟ್ಸ್ ಅ ಹೋಟೆಲ್. ನೀನು ಮನೆ ತಗೋತಾ ಇಲ್ಲ, ಓಕೆ?"

ನನ್ನ ನಿಜವಾದ ಆವಿಷ್ಕಾರ ಆಮೇಲಿನದು. ಆ ದೇಶದಲ್ಲಿ ಬೌದ್ಧರಲ್ಲಿ, ಚೀನೀ ಮೂಲದವರಲ್ಲಿ, ಕೆಲವು ದಿನ ಮಾಂಸ, ಮೀನು, ಮೊಟ್ಟೆ ಬಿಡುವುದಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುವ ಪದ್ಧತಿ ಇದೆ ಎಂದು ಓದಿದೆ. ಅದಕ್ಕೆ ಜೇ ಊಟ ಎನ್ನುತ್ತಾರೆ. ಅಂಥ ಅಂಗಡಿಯ ಗುರುತು ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಆ ಅಕ್ಷರ ನಮ್ಮ ಕಣ್ಣಿಗೆ ಇಂಗ್ಲಿಷ್ ಅಂಕಿಯಲ್ಲಿ ಹದಿನೇಳು ಎಂದು ಬರೆದಂತೆ ಕಾಣುತ್ತದೆ. ನಾನು ಕುರ್ಚಿಯಿಂದ ಎದ್ದು ಮನೆಯೊಳಗೆ ಒಂದು ಸುತ್ತು ಹಾಕಿ ಬಂದೆ. ಸಾವಿರಾರು ಮೈಲಿ ಆಚೆ, ಭಾಷೆ ತಿಳಿಯದ ಯಾರೋ, ನಮ್ಮ ಅತ್ತೆಯ ಅಡುಗೆಮನೆಯ ನಿಯಮವನ್ನೇ ಪಾಲಿಸುತ್ತಿದ್ದರು.

ಅಂದಿನಿಂದ ನಾನು ಹೋಟೆಲು ಹುಡುಕುವುದನ್ನು ಬಿಟ್ಟು ಹಳದಿ ಬಾವುಟ ಹುಡುಕತೊಡಗಿದೆ. ಹಳೆಯ ಪೇಟೆಯ ಕಡೆ ಒಂದು ಓಣಿ ಸಿಕ್ಕಿತು. ಅಬ್ಬಬ್ಬಾ ಎನ್ನುವಷ್ಟು ಹಳದಿ ಬಾವುಟ. ಕಂಬಕ್ಕೊಂದು, ಗೇಟಿಗೊಂದು, ಹೊಲಿಗೆ ಅಂಗಡಿಯ ಮುಂದೆಯೂ ಎರಡು. ಇಡೀ ಓಣಿಯೇ ಸಾತ್ವಿಕ ಎಂದು ಹಿಗ್ಗಿದೆ. ಅಕ್ಷರ ಮಸುಕಾಗಿತ್ತು, ಮಸುಕಾಗಿದ್ದನ್ನು ಹದಿನೇಳು ಎಂದು ಓದಿಕೊಳ್ಳುವುದು ಕಷ್ಟವಲ್ಲ. ಅದೇ ಓಣಿಯಲ್ಲಿ ಒಂದು ಸಣ್ಣ ಅತಿಥಿಗೃಹವೂ ಇತ್ತು: ಮರದ ಜಗಲಿ, ಅದರ ಮೇಲೆ ಎದುರುಬದುರಾಗಿ ಎರಡು ಬೆತ್ತದ ಕುರ್ಚಿ, ಒಲೆ ಇಲ್ಲ. ಸಮುದ್ರ ಕಾಣುವುದಿಲ್ಲ, ಆದರೆ ನಡೆದು ಹೋಗುವಷ್ಟು ದೂರ. ಆ ಅತಿಥಿಗೃಹ ನಡೆಸುವಾಕೆಗೆ ಬರೆದೆ: ನಿಮ್ಮ ಓಣಿಯಲ್ಲಿ ಇಷ್ಟೊಂದು ಜೇ ಊಟದ ಅಂಗಡಿಗಳಿವೆಯಲ್ಲ, ಯಾವುದು ಒಳ್ಳೆಯದು?

ಉತ್ತರ ಬಂತು. ಆ ಬಾವುಟಗಳು ರಾಜರ ಗೌರವಕ್ಕೆ ಹಾಕಿದವಂತೆ. ಕೆಲವು ದೇವಸ್ಥಾನದ ಹಬ್ಬಕ್ಕೆ ಹಾಕಿದವು. ಹೊಲಿಗೆ ಅಂಗಡಿ ಹೊಲಿಗೆ ಅಂಗಡಿಯೇ. ಜೇ ಊಟ ಮಾರುವವರು ಓಣಿಯ ಕೊನೆಯಲ್ಲಿ ಒಬ್ಬ ಆಂಟಿ ಮಾತ್ರ. ಬೆಳಿಗ್ಗೆ ತೆರೆಯುತ್ತಾರೆ, ಮುಗಿದ ಮೇಲೆ ಮುಚ್ಚುತ್ತಾರೆ. ಕೊನೆಯಲ್ಲಿ ಒಂದು ಸಾಲು: ಕ್ಷಮಿಸಿ, ನಮ್ಮ ಕೋಣೆಗಳಲ್ಲಿ ಅಡುಗೆ ಮಾಡುವ ವ್ಯವಸ್ಥೆ ಇಲ್ಲ, ಪರವಾಗಿಲ್ಲವೇ?

ಒಬ್ಬ ಆಂಟಿಯ ಮೇಲೆ ನಮ್ಮ ಅತ್ತೆಯ ಹೊಟ್ಟೆ ನಿಂತಿದೆ. ಆಕೆಗೆ ನೆಗಡಿಯಾದರೆ? ಮಗಳ ಮನೆಗೆ ಹೋದರೆ? ನಾನು ಕದ್ದು ಕಾಂಡೋ ಪುಟ ತೆರೆದು ನೋಡುತ್ತಿದ್ದಾಗ ಹೆಂಡತಿ ಹಿಂದಿನಿಂದ ಬಂದು, ಜಗಲಿಯ ಫೋಟೋದ ಕಡೆ ಬೆರಳು ಮಾಡಿ, "ಈ ಎರಡು ಕುರ್ಚಿ," ಎಂದಳು. ಅಷ್ಟೇ. ಬುಕ್ ಮಾಡಿದೆ.

ಮರುದಿನ ಅತ್ತೆಗೆ ಕಾಲ್ ಮಾಡಿ ಜಗಲಿ ತೋರಿಸಿದೆವು.

"ಚೆನ್ನಾಗಿದೆ ಅಳಿಯಂದ್ರೆ. ಅಡುಗೆಮನೆ ಎಲ್ಲಿ?"

"ಅಡುಗೆಮನೆ ಇಲ್ಲಮ್ಮ," ಎಂದಳು ಹೆಂಡತಿ. "ಬೇಕು ಅಂತಲೇ ಇಲ್ದಿರೋದು ತಗೊಂಡಿದ್ದೀವಿ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅಡುಗೆಮನೆ ಇಲ್ದೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋದು?" ಎಂದರು. ಗೊಣಗಾಟವಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು.

ಹೋದೆವು. ಎಲ್ಲರೂ ಒಂದೇ ಬಾಗಿಲಲ್ಲಿ ಸಿಕ್ಕೆವು. ಕೋಣೆ ಫೋಟೋದಲ್ಲಿದ್ದಂತೆಯೇ ಇತ್ತು. ಓಣಿಯ ಕೊನೆಯ ಆಂಟಿ ಆರೋಗ್ಯವಾಗಿದ್ದರು. ಅತ್ತೆ ಅವರ ಬಾಣಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬಗ್ಗಿ ಮೂಸಿ, "ಪರವಾಗಿಲ್ಲ, ಅಚ್ಚುಕಟ್ಟು" ಎಂದು ತೀರ್ಪು ಕೊಟ್ಟು, ಕೆಸುವಿನ ಗೆಡ್ಡೆಯಂಥದೇನನ್ನೋ ಎರಡನೆಯ ಸಲ ಬಡಿಸಿಕೊಂಡರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಮರುದಿನ ಬೆಳಿಗ್ಗೆ ತಾಯಿ ಮಗಳು ಜಗಲಿಯ ಆ ಎರಡು ಕುರ್ಚಿಗಳಲ್ಲಿ ಕೂತರು. ನಾನು ಒಳಗೆ ಪೇಪರ್ ಓದುವವನಂತೆ ಕಿವಿ ನೆಟ್ಟಗೆ ಮಾಡಿಕೊಂಡಿದ್ದೆ.

"ಗಾಳಿ ಚೆನ್ನಾಗಿದೆ," ಎಂದರು ಅತ್ತೆ.

"ಹೂಂ. ಚೆನ್ನಾಗಿದೆ."

"ಮಂಡಿ ನೋವು ಹೇಗಿದೆ ಅಮ್ಮ?" ಎಂದು ಹೆಂಡತಿಯೇ ಮತ್ತೆ ಕೇಳಿದಳು.

"ಪರವಾಗಿಲ್ಲ."

ಆಮೇಲೆ ಯಾವುದೋ ಸ್ಕೂಟರ್ ಹೋದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಇಣುಕಿ ನೋಡಿದೆ. ವೈದ್ಯರ ಕೋಣೆಯ ಹೊರಗೆ ಸರದಿಗೆ ಕಾದವರ ಹಾಗೆ ಕೂತಿದ್ದರು. ಅತ್ತೆ ಸೆರಗಿನ ಅಂಚನ್ನು ಮಡಿಸುತ್ತಿದ್ದರು, ಬಿಡಿಸುತ್ತಿದ್ದರು. ಹೆಂಡತಿ ಫೋನು ತೆಗೆದು, ನಾಚಿ, ಮತ್ತೆ ಕೆಳಗಿಟ್ಟಳು. ಅಷ್ಟು ದೂರದಿಂದ ಬಂದು, ಅಷ್ಟೆಲ್ಲ ಹುಡುಕಿ ಹಿಡಿದ ಕುರ್ಚಿಗಳಲ್ಲಿ ಇಬ್ಬರಿಗೂ ಮಾತೇ ಇರಲಿಲ್ಲ. ಅಂದು ರಾತ್ರಿ ಅವಳು ನನ್ನ ಕಡೆ ತಿರುಗದೆ, "ಬೆನ್ನಿಗೆ ಮಾತಾಡೋದೇ ವಾಸಿಯಾಗಿತ್ತೇನೋ," ಎಂದಳು.

ಅದರ ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಜಗಲಿಯಲ್ಲಿ ನಗು. ಅತ್ತೆ ಬೆಳಿಗ್ಗೆ ಎದ್ದು ಒಬ್ಬರೇ ಸಂತೆಗೆ ಹೋಗಿದ್ದರು. ಮೊಳದುದ್ದದ ಅಲಸಂದೆಕಾಯಿ ಅಷ್ಟು ಎಳೆಯದಾಗಿ ಸಿಕ್ಕಿತ್ತಂತೆ, ಕೈ ತಡೆಯಲಿಲ್ಲವಂತೆ. ಅತಿಥಿಗೃಹದಾಕೆಯಿಂದ ಎರಡು ಚಾಕು ಕೇಳಿ ತಂದು, ನಡುವೆ ಟವೆಲು ಹಾಸಿ, ತಾಯಿ ಮಗಳು ಎದುರಾಬದುರಾ ಕೂತು ಹೆಚ್ಚುತ್ತಿದ್ದರು. ತಲೆ ಎತ್ತದೆ ಮಾತು. ಅತ್ತೆ ಮದುವೆಯಾದ ಹೊಸತರಲ್ಲಿ ತಮ್ಮ ಅತ್ತೆಯನ್ನು ಕಂಡರೆ ಎಷ್ಟು ಹೆದರುತ್ತಿದ್ದರು ಎಂಬುದು. ನನ್ನ ಹೆಂಡತಿ ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದಳು ಎಂಬುದು. ಇದು ನನಗೆ ಗೊತ್ತಿರಲಿಲ್ಲ.

"ಯಾಕೇ ನನಗೆ ಹೇಳಲಿಲ್ಲ?" ಎಂದರು ಅತ್ತೆ.

"ಫೋನಿನಲ್ಲಿ ಹೇಗಮ್ಮಾ ಹೇಳೋದು."

ಅತ್ತೆಯ ಚಾಕು ನಿಂತಿತು. ಮಗಳ ಮುಖ ನೋಡಿದರು. ಸುಮಾರು ಹೊತ್ತು ನೋಡಿದರು. ಆಮೇಲೆ, "ಸಣ್ಣಗೆ ಹೆಚ್ಚು ಕಣೇ, ಪಲ್ಯಕ್ಕೆ ಇಷ್ಟು ದಪ್ಪ ಆಗಲ್ಲ," ಎಂದು ಇನ್ನೊಂದು ಕಂತೆ ಅವಳ ಮುಂದೆ ತಳ್ಳಿದರು.

ಅಲ್ಲಿದ್ದಷ್ಟು ದಿನವೂ ಬೆಳಿಗ್ಗೆ ಇದೇ ನಡೆಯಿತು. ಕಡಲಿಗೆ ಸಂಜೆ ಹೋಗುತ್ತಿದ್ದೆವು, ನೀರು ಇಳಿದ ಮೇಲೆ, ಎಲ್ಲರೂ ಒಟ್ಟಿಗೆ.

ಎಡವಟ್ಟಾದದ್ದು ಇಷ್ಟು: ಕಾಯಿ ಹೆಚ್ಚಿದ ಆ ಮೊದಲ ದಿನ ಇಬ್ಬರೂ ಚಾಕು ಒರೆಸಿಟ್ಟು, ಪಲ್ಯಕ್ಕೆಂದು ಒಂದೇ ಸಮನಾಗಿ ಹೆಚ್ಚಿದ ಟವೆಲು ತುಂಬ ಅಲಸಂದೆಕಾಯಿಯನ್ನು ನಡುವೆ ಇಟ್ಟುಕೊಂಡು ಎದ್ದು ನಿಂತರು. ಅದನ್ನೆತ್ತಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು.