ಮಲ್ಲಪ್ಪ ಮಿಸ್ತ್ರಿಯ ಹನ್ನೊಂದು ಗಾಡಿಗಳು

ಕೊನೆಯ ಬೋಲ್ಟ್ ಬಿಗಿಯುವ ಮೊದಲು ಮಲ್ಲಪ್ಪ ಮಿಸ್ತ್ರಿ ಗಿರಾಕಿಯ ಮನೆಮಂದಿಯನ್ನೆಲ್ಲ ಕರೆಸಿ ಕಾರಿನಲ್ಲಿ ಕೂರಿಸುತ್ತಿದ್ದರು. ದಿನಾ ಯಾರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಬೇಕು. ಪುಣೆಯ ಖಡಕಿಯಲ್ಲಿ ರೈಲುಹಳಿಯ ಗೋಡೆಗೆ ಆತುಕೊಂಡಿದ್ದ ಅವರ ಗ್ಯಾರೇಜಿನಲ್ಲಿ, ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಅಲುಗಾಡದೆ ಕೂತ ಸಂಸಾರಗಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಾರಿನ ಕೆಳಗಿನ ಹೊಂಡದಿಂದ ಮಿಸ್ತ್ರಿಯ ದನಿ ಬರುತ್ತಿತ್ತು: "ಯಾರೂ ಅಳ್ಳಾಡಬ್ಯಾಡ್ರಿ. ಅವ್ವಾರ, ಉಸಿರು ಆಡ್ರಿ, ಅದಕ್ಕೇನೂ ಅಡ್ಡಿಯಿಲ್ಲ."

ಇದಕ್ಕೆ ಕಾರಣವಿತ್ತು. ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವುದು ಒಂದು ಕಬ್ಬಿಣದ ತೋಳು. ತೋಳಿನ ಬುಡದಲ್ಲಿ ಬುಶ್ ಎನ್ನುವ ರಬ್ಬರಿನ ಬಳೆ ಇರುತ್ತದೆ. ಗಾಡಿ ಜಾಕ್ ಮೇಲೆ ಜೋತುಬಿದ್ದಾಗಲೇ ಬೋಲ್ಟ್ ಬಿಗಿದರೆ, ನೆಲಕ್ಕೆ ಇಳಿಸಿದ ಕೂಡಲೇ ಆ ರಬ್ಬರು ತಿರುಚಿಕೊಳ್ಳುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ. ಹೆಚ್ಚಿನ ಗ್ಯಾರೇಜುಗಳಲ್ಲಿ ಇಷ್ಟು ನೋಡುವವರಿಲ್ಲ. "ಗಾಡಿ ಹೊರೂದು ಯಾರನ್ನ? ನಿಮ್ಮನ್ನ. ಹಂಗಾರ ನಿಮ್ಮನ್ನ ಹೊತ್ತಾಗ ಬಿಗೀಬೇಕಲ್ರಿ," ಎನ್ನುತ್ತಿದ್ದರು ಮಲ್ಲಪ್ಪ.

ಬೈಲಹೊಂಗಲದ ಕಡೆಯವರು. ಹದಿನೆಂಟನೆಯ ವಯಸ್ಸಿಗೆ ಪುಣೆಗೆ ಬಂದು ಅಲ್ಲೇ ಉಳಿದವರು. ಗಿಡ್ಡ ಆಳು, ಅಗಲ ಹೆಗಲು, ಎಣ್ಣೆ ಹತ್ತದಂತೆ ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಅವರು ಬಳಸುತ್ತಿದ್ದ ಸಾಮಾನುಗಳಲ್ಲಿ ಮುಖ್ಯವಾದದ್ದು ಅಂಗೈ ಉದ್ದದ ಒಂದು ಸುತ್ತಿಗೆ. ಹೊಂಡಕ್ಕೆ ಇಳಿದು, ಕಣ್ಣು ಮುಚ್ಚಿ, ತೋಳುಗಳನ್ನು ಅದರಿಂದ ತಟ್ಟುತ್ತ ಹೋಗುತ್ತಿದ್ದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಒಳಗಿನಿಂದ ತುಕ್ಕು ತಿಂದದ್ದು, ಮೇಲೆ ಬಣ್ಣ ಎಷ್ಟೇ ಚೆನ್ನಾಗಿರಲಿ, ದಬ್ ಎನ್ನುತ್ತದೆ.

ನಾನು ಅವರಲ್ಲಿಗೆ ಹೋದದ್ದು ರತ್ನಾಗಿರಿಯ ವರದಿಗಾರಿಕೆ ಮುಗಿಸಿ ಪುಣೆಯ ಕಚೇರಿಗೆ ಬಂದ ವರ್ಷ. ಸಮುದ್ರದ ಗಾಳಿ ಎಂಟು ವರ್ಷ ಕುಡಿದ ಕಾರು. ಬಲಗಡೆ ಕಟಕಟ ಸಪ್ಪಳ. ಮಿಸ್ತ್ರಿ ಬಲತೋಳನ್ನು ತಟ್ಟಿದರು, ನನ್ನನ್ನು ಹೊಂಡಕ್ಕೆ ಕರೆದರು.

"ಏನ್ ಕೆಲಸ ಮಾಡ್ತೀರಿ?"

"ಪೇಪರಿನಾಗ."

"ಕೇಳಿದ್ದು ಬರೀತೀರೋ, ನೋಡಿದ್ದು ಬರೀತೀರೋ?"

"ಎರಡೂ."

"ಹಂಗಾರ ಎರಡೂ ಮಾಡ್ರಿ." ಸುತ್ತಿಗೆ ನನ್ನ ಕೈಗೆ ಕೊಟ್ಟರು. ಗಟ್ಟಿ ಜಾಗ, ಕೊಳೆತ ಜಾಗ, ಎರಡನ್ನೂ ತಟ್ಟಿಸಿದರು. ಆಮೇಲೆ ಕೊಳೆತ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಅದು ರೊಟ್ಟಿಯೊಳಗೆ ಹೋದ ಹಾಗೆ ಹೋಯಿತು.

ಬೆಸುಗೆ ಹಾಕಿ ಕೊಡಿ ಎಂದೆ. "ಯಾವುದಕ್ಕ ಬೆಸೀಲಿ? ತುಕ್ಕಿಗೋ?" ಎಂದರು. ಹೊಸ ತೋಳು ಹಾಕಿದ ಮೇಲೆ ಹಳೆಯದನ್ನು ತಂತಿಯಿಂದ ಕಟ್ಟಿ ನನ್ನ ಡಿಕ್ಕಿಯಲ್ಲಿಟ್ಟರು. ಇದೂ ಅವರ ಪದ್ಧತಿ. ತೆಗೆದದ್ದನ್ನು ಗಿರಾಕಿ ಮನೆಗೆ ಒಯ್ದು, ಮನೆಯವರಿಗೆಲ್ಲ ತೋರಿಸಿ, ಆಮೇಲೆ ಬೇಕಾದರೆ ಗುಜರಿಗೆ ಹಾಕಬೇಕು. "ನನ್ನ ಮಾತು ನಂಬಬ್ಯಾಡ್ರಿ. ಕಣ್ಣಿಲೆ ನೋಡ್ರಿ."

ಮುಂದೆ ಹನ್ನೆರಡು ವರ್ಷ ಕಾರು ಅವರ ಕೈಯಲ್ಲೇ ಇತ್ತು. ನನ್ನ ಅವ್ವನಿಗೂ ಅವರಿಗೂ ಸಲಿಗೆ ಬೆಳೆಯಿತು. ಅವ್ವ ಹಿಂದಿನ ಸೀಟಿನ ಎಡಕ್ಕೆ ಕೂತು, ಕೆಳಗೆ ಹೊಂಡದಲ್ಲಿದ್ದವರ ಜೊತೆ ಊರಕಡೆಯ ಜೋಳದ ಬೆಳೆಯ ಮಾತಾಡುತ್ತಿದ್ದಳು.

ಮೂರು ವರ್ಷದ ಹಿಂದೆ, ದೀಪಾವಳಿಗೆ ಎರಡು ದಿನ ಮೊದಲು, ಅವ್ವನನ್ನು ಬೆಳಗಾವಿಗೆ ಕರೆದೊಯ್ಯುವುದಿತ್ತು. ಘಾಟಿನ ದಾರಿ ಎಂದು ಕಾರು ತೋರಿಸಲು ಹೋಗಿ, ಮಿಸ್ತ್ರಿಯ ಜೊತೆ ನಾನೂ ಹೊಂಡಕ್ಕೆ ಇಳಿದಿದ್ದೆ. ಮಿಸ್ತ್ರಿ ಎಂದಿನಂತೆ ಕಣ್ಣು ಮುಚ್ಚಿ ತಟ್ಟಿದರು. ಬಲತೋಳು ಟಣ್ ಎಂದಿತು. ಎಡತೋಳು ದಬ್ ಎಂದಿತು.

"ಎರಡೂ ಗಟ್ಟಿ ಅವ. ಹೋಗಿ ಬರ್ರಿ."

ಮೂವತ್ತು ವರ್ಷ ಸುದ್ದಿಮನೆಯಲ್ಲಿ ಬೇರೆಯವರ ತಪ್ಪು ತಿದ್ದಿದವನು ನಾನು. ಮಿಸ್ತ್ರಿಯನ್ನು ತಿದ್ದಿದ್ದು ಮಾತ್ರ ಎಂದೂ ಇಲ್ಲ. ಮೇಲೆ ಕಾರಿನಲ್ಲಿ ಅವ್ವ ಕೂತಿದ್ದಳು.

"ಮಿಸ್ತ್ರಿ, ಎಡಕಿನದು ಇನ್ನೊಮ್ಮೆ ಬಡೀರಿ."

ಬಡಿದರು. "ಗಟ್ಟಿ ಅದ."

"ನಂಗ ಹಂಗ ಕೇಳಲಿಲ್ರಿ." ಅವರು ಕಣ್ಣು ತೆರೆದರು. ಈ ಸಲ ಗಟ್ಟಿಯಾಗಿ ಹೇಳಿದೆ: "ಕಣ್ಣಿಲೆ ನೋಡ್ರಿ."

ಸ್ಕ್ರೂಡ್ರೈವರ್ ಒತ್ತಿದರು. ಹಿಡಿಕೆಯವರೆಗೆ ಇಳಿಯಿತು. ಬಿಳಿ ಅಂಗಿಯ ಮೇಲೆ ತುಕ್ಕಿನ ಪುಡಿ ಉದುರಿತು. ಅದನ್ನು ಅವರು ಕೊಡವಿಕೊಳ್ಳಲಿಲ್ಲ.

"ಹ್ಯಾಂಗ ಕೇಳಿಸ್ತು ನಿಮಗ?"

"ತೊಯ್ದ ಹಲಗಿ ಬಡದಂಗ."

ಹೊಂಡದ ಮೆಟ್ಟಿಲ ಮೇಲೆ ಕೂತರು. ಗೋಡೆಯಾಚೆ ಆಗಷ್ಟೇ ಒಂದು ರೈಲು ಹೋಗುತ್ತಿತ್ತು; ಅದರ ಸದ್ದಿಗೆ ನಾನು ಮಾತು ನಿಲ್ಲಿಸಿದ್ದೆ. ಅವರು ನನ್ನ ಮುಖವನ್ನೂ ಗೋಡೆಯನ್ನೂ ನೋಡಿದರು. "ನಾಗರಪಂಚಮಿಯಿಂದ ಈಚೆ ರೈಲಿನ ಸಪ್ಪಳ ಭಾಳ ಕಡಿಮಿ ಆಗೇದ. ಹೊಸಾ ಡಬ್ಬಿ ಹಚ್ಯಾರ ಅಂತ ತಿಳಕೊಂಡಿದ್ದೆ," ಎಂದರು.

ಮೇಲೆ ಬಂದವರೇ ಸೀಮೆಸುಣ್ಣದ ಖಡು ತೆಗೆದುಕೊಂಡು ಗೋಡೆಯ ಮೇಲೆ ಬರೆಯತೊಡಗಿದರು. ಪಂಚಮಿಯಿಂದೀಚೆ ತಟ್ಟಿ ನೋಡಿ, ಗಟ್ಟಿ ಇದೆ ಎಂದು ಕಳಿಸಿದ ಗಾಡಿಗಳು. ಒಡೆಯನ ಹೆಸರು, ಬಡಾವಣೆ, ಗಾಡಿಯ ನಂಬರು. ಎಲ್ಲ ಬಾಯಿಪಾಠವಿದ್ದವು. ಹನ್ನೊಂದಾದವು.

"ಇವ್ರಿಗೆಲ್ಲಾ ಮನಿಗೆ ಹೋಗಿ ಹೇಳಬೇಕು."

"ಫೋನ್ ಮಾಡಿದ್ರ ಆತಲ್ರಿ."

"ಅವ್ರು ಏನ್ ಅಂತಾರ ಅನ್ನೂದು ನಂಗ ಕೇಳಬೇಕಲ್ಲ, ಪೇಪರ್‌ನವರ."

ಬೆಳಗಾವಿಗೆ ಅವ್ವ ರೈಲಿನಲ್ಲಿ ಹೋದಳು. ನನ್ನ ಕಾರಿಗೆ ಹೊಸ ಎಡತೋಳು ಬಂತು. ಅದರಲ್ಲೇ ಅವರನ್ನು ಕೂರಿಸಿಕೊಂಡು ರಜೆಯ ದಿನಗಳಲ್ಲಿ ಪುಣೆ ತಿರುಗಿದೆ. ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿಗಳು ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಬರುತ್ತಿದ್ದವು. ಈ ಮನುಷ್ಯ ಜಾಕ್, ಗೋಣಿಚೀಲ, ಸ್ಕ್ರೂಡ್ರೈವರ್ ಹಿಡಿದು ಮನೆಬಾಗಿಲಿಗೆ ಹೋದರು. ಕ್ಯಾಂಪ್ ಬಡಾವಣೆಯ ಒಬ್ಬ ಬಟ್ಟೆ ಅಂಗಡಿಯವರು ಬೀದಿಯಲ್ಲೇ ಸಿಟ್ಟಾದರು: "ತುಮ್ಹೀಚ ಠೀಕ ಆಹೆ ಮ್ಹಣಾಲಾ ಹೋತಾ ನಾ?" ಸರಿ ಇದೆ ಅಂದವರು ನೀವೇ ಅಲ್ಲವೇ ಎಂದು. ಮಿಸ್ತ್ರಿ ಅವರ ತುಟಿಯನ್ನೇ ನೋಡುತ್ತಿದ್ದರು. "ಮಾಝೀ ಚೂಕ," ನನ್ನ ತಪ್ಪು ಎಂದಷ್ಟೇ ಹೇಳಿ ಗೋಣಿಚೀಲ ಹಾಸಿ ಕಾರಿನ ಕೆಳಗೆ ಹೊರಳಿದರು. ಆ ಕಾರಿನ ತೋಳು ಗಟ್ಟಿಯಿತ್ತು. ಬೇರೆ ಎರಡು ಕಾರುಗಳದು ಗಟ್ಟಿ ಇರಲಿಲ್ಲ. ಒಂದರಲ್ಲಿ ದಿನಾ ಬೆಳಿಗ್ಗೆ ನಾಲ್ಕು ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಹತ್ತು ಗಾಡಿ ಮುಗಿದವು. ಹನ್ನೊಂದನೆಯದು ಧನಕವಡಿಯ ಒಂದು ಕಾಲೇಜಿನ ಗುಮಾಸ್ತರದು, ಬೂದು ಬಣ್ಣದ ಹಳೆಯ ಕಾರು. ಅವರು ಅದನ್ನು ಹಬ್ಬದ ಮುಂಚೆಯೇ ದಲಾಲನ ಮೂಲಕ ಮಾರಿಬಿಟ್ಟಿದ್ದರು. "ಮಿಸ್ತ್ರಿ ಗಟ್ಟಿ ಅದ ಅಂದಾರ ಅಂತ ಹೇಳೇ ಮಾರೇನ್ರಿ," ಎಂದರು ಪಾಪ, ಮೆಚ್ಚಿಗೆಯ ಮಾತೆಂದು. ದಲಾಲ ಕತ್ರಜಕಡೆಯ ಯಾರೋ ಒಯ್ದರು ಎಂದ. ಹೆಸರು ಬದಲಾಯಿಸಿದ ಕಾಗದವೂ ಇರಲಿಲ್ಲ. ಕತ್ರಜದ ಗ್ಯಾರೇಜುಗಳಲ್ಲಿ ಗಾಡಿಯ ನಂಬರು, ನನ್ನ ಫೋನ್ ನಂಬರು ಬರೆದುಕೊಟ್ಟು ಬಂದೆವು. ಯಾರೂ ಫೋನ್ ಮಾಡಲಿಲ್ಲ.

ಮಲ್ಲಪ್ಪ ಆ ಸುತ್ತಿಗೆಯನ್ನು ಮತ್ತೆ ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಯುಗಾದಿಗೆ ಗ್ಯಾರೇಜು ಮುಚ್ಚಿದರು. ಕಿವಿಗೆ ಯಂತ್ರ ಹಾಕಿಸೋಣ ಎಂದರೆ, "ಮಂದಿ ಮಾತು ಕೇಳತದ ಅದರಾಗ, ಕಬ್ಬಿಣದ್ದಲ್ಲ," ಎಂದರು.

ಕಡೆಯ ಸಲ ಅವರನ್ನು ಕಂಡದ್ದು ಕಳೆದ ಶ್ರಾವಣದಲ್ಲಿ, ಅವರ ಮನೆಯಲ್ಲಿ. ಎದೆಯ ಕಾಯಿಲೆ, ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡವರೇ ಕೇಳಿದರು: "ಆ ಧನಕವಡಿ ಗಾಡಿ ಸಿಕ್ತೇನ್ರಿ?"

ಸಿಕ್ಕಿತು ಎನ್ನಬಹುದಿತ್ತು. ಬರುವ ದಾರಿಯಲ್ಲಿ ಹಾಗೆ ಹೇಳಲೆಂದೇ ಅಂದುಕೊಂಡಿದ್ದೆ. ಇಲ್ಲವೆಂದು ತಲೆಯಾಡಿಸಿದೆ.

"ಚೊಲೋ ಮಾಡಿದ್ರಿ. ಸಿಕ್ತು ಅಂದಿದ್ರ, ತೆಗೆದ ತೋಳು ಎಲ್ಲಿ ಅಂತ ಕೇಳಾಂವ ಇದ್ದೆ." ಆಮೇಲೆ, "ನೋಡಕೋತ ಇರ್ರಿ," ಎಂದರು.

ಹತ್ತು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಆ ಗೋಡೆಯ ಪಟ್ಟಿಯನ್ನು ಅಂದೇ ನನ್ನ ಡೈರಿಗೆ ಇಳಿಸಿಕೊಂಡಿದ್ದೆ. ಹತ್ತು ಸಾಲುಗಳ ಮೇಲೆ ಗೀಟು ಎಳೆದಿದೆ. ಧನಕವಡಿ, ಕತ್ರಜಕಡೆ ಹೋದಾಗ ಬೂದು ಬಣ್ಣದ ಹಳೆಯ ಕಾರು ಮುಂದಿದ್ದರೆ ನಂಬರು ನೋಡುತ್ತೇನೆ. ಕೆಸರು ಮೆತ್ತಿ ನಂಬರು ಕಾಣದಿದ್ದರೆ ಗಾಜು ಇಳಿಸಿ, ಕಿವಿಗೊಟ್ಟು, ಅದು ಮುಂದಿನ ಸ್ಪೀಡ್‌ಬ್ರೇಕರ್ ದಾಟುವವರೆಗೆ ಹಿಂದೆಯೇ ಹೋಗುತ್ತೇನೆ.